ನಾಲ್ಕು ಭೂತಕಾಲ, ಒಂದು ಮೆಮೋ

ಇಂಗ್ಲಿಷಿನಲ್ಲಿ ಭೂತಕಾಲ ನಾಲ್ಕು ಬಗೆ ಎಂಬುದು ನನಗೆ ಗೊತ್ತಾದದ್ದು ವಿಜಯನಗರದ ಒಂದು ಹಿಟ್ಟಿನ ಗಿರಣಿಯ ಮೇಲೆ. ಎಂಬತ್ತರ ದಶಕದ ನಡುವಿನ ಯಾವುದೋ ವರ್ಷ. ಯಾವುದೆಂದು ಖಚಿತವಾಗಿ ಬರೆದರೆ ಉಳಿದದ್ದೂ ಖಚಿತವಾಗಿ ನೆನಪಿದೆ ಎಂದು ನೀವು ನಂಬಿಬಿಡುತ್ತೀರಿ, ಅದಕ್ಕೇ ಬರೆಯುವುದಿಲ್ಲ. ಪಿಯುಸಿಯಲ್ಲಿ ನಾನು ಇಂಗ್ಲಿಷ್ ಒಂದರಲ್ಲೇ ಎರಡು ಸಲ ಫೇಲಾಗಿದ್ದೆ. ಮೂರನೆಯ ಸಲ ಕಟ್ಟುವ ಮೊದಲು ಮಾತಾಡುವುದನ್ನಾದರೂ ಕಲಿಯಲಿ ಎಂದು ಅಪ್ಪ ನನ್ನನ್ನು ಆ ಮಹಡಿಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದ್ದ. ಕೆಳಗೆ ಗಿರಣಿ ತಿರುಗುವಾಗ ನೆಲ ನಡುಗುತ್ತಿತ್ತು. ಬೆಂಚುಗಳ ಮೇಲೆ ರಾಗಿ ಹಿಟ್ಟು ತೆಳುವಾಗಿ ಕೂತಿರುತ್ತಿತ್ತು. ಮನೆಗೆ ಹೋಗುವಾಗ ಎಲ್ಲರ ಪ್ಯಾಂಟಿನ ಹಿಂಭಾಗವೂ ಬೆಳ್ಳಗಾಗಿರುತ್ತಿತ್ತು.

ಗೋಡೆಗೊಂದು ಚಾರ್ಟು. ಅದರಲ್ಲಿ ಹನ್ನೆರಡು ಮನೆಗಳು, ಮನೆಗೊಂದು ಕಾಲ. ಭೂತಕ್ಕೇ ನಾಲ್ಕು ಮನೆ. ಬಸವೇಶ್ವರನಗರದಲ್ಲಿ ನಾವು ನಾಲ್ಕು ಜನ ಒಂದೂವರೆ ಕೋಣೆಯ ಬಾಡಿಗೆ ಪೋರ್ಷನ್ನಿನಲ್ಲಿದ್ದೆವು. ಮುಗಿದುಹೋದದ್ದಕ್ಕೆ ನಾಲ್ಕು ಮನೆ ಕಟ್ಟಿಸಿಕೊಟ್ಟ ಭಾಷೆಯನ್ನು ಕಂಡು ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು.

ಮೇಷ್ಟ್ರು ಯಾವುದೋ ಹೈಸ್ಕೂಲಿನಿಂದ ನಿವೃತ್ತರಾದವರು. ದಿನಾ ಸಂಜೆ ಒಬ್ಬೊಬ್ಬರನ್ನೇ ಎಬ್ಬಿಸಿ, ನಿನ್ನೆ ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಕಷ್ಟವೇನೆಂದರೆ ನಿನ್ನೆ ಯಾರಿಗೂ ಏನೂ ಆಗಿರುತ್ತಿರಲಿಲ್ಲ. ನಮ್ಮ ಜೊತೆ ಒಬ್ಬ ಬಸ್ ಕಂಡಕ್ಟರ್ ಇದ್ದ. ಡ್ಯೂಟಿಗೆ ಹೋದೆ, ಡ್ಯೂಟಿಯಿಂದ ಬಂದೆ ಎಂದು ಹೇಳಿ ಕೂತುಬಿಡುತ್ತಿದ್ದ. ಮೇಷ್ಟ್ರಿಗೆ ಅದು ಸಾಲುತ್ತಿರಲಿಲ್ಲ. ಅದರಲ್ಲಿ ಒಂದು ಭೂತಕಾಲ ಮಾತ್ರ ಬಳಕೆಯಾಗಿ ಉಳಿದ ಮೂರು ಖಾಲಿ ಬಿದ್ದಿರುತ್ತಿದ್ದವು. ಮೂರನೆಯ ಮನೆಗೆ, ಅಂದರೆ ಪಾಸ್ಟ್ ಪರ್ಫೆಕ್ಟಿಗೆ, ಎರಡು ಘಟನೆಗಳು ಬೇಕು, ಒಂದು ಇನ್ನೊಂದಕ್ಕಿಂತ ಮುಂಚೆ ಮುಗಿದಿರಬೇಕು. ಹಾಗಾಗಿ ನಾವು ಸುಳ್ಳು ಹೇಳತೊಡಗಿದೆವು. ನಾವು ಸ್ಟೇಷನ್ ಮುಟ್ಟುವ ಮೊದಲು ರೈಲು ಹೊರಟುಹೋಗಿರುತ್ತಿತ್ತು. ರೈಲು ಹತ್ತುವ ದರ್ದು ನಮ್ಮಲ್ಲಿ ಯಾರಿಗೂ ಇರಲಿಲ್ಲ, ಆದರೂ ಆ ಆರು ತಿಂಗಳಲ್ಲಿ ನಾವು ತಪ್ಪಿಸಿಕೊಂಡಷ್ಟು ರೈಲುಗಳನ್ನು ಯಾವ ಊರೂ ತಪ್ಪಿಸಿಕೊಂಡಿರಲಾರದು. ಡಾಕ್ಟರು ಬರುವ ಮೊದಲೇ ರೋಗಿ ಸತ್ತಿರುತ್ತಿದ್ದ. ಕ್ಲಾಸಿನಲ್ಲಿ ಮೆಡಿಕಲ್ ಸ್ಟೋರಿನವನೊಬ್ಬನಿದ್ದ, ಅವನೊಬ್ಬನೇ ವಾರಕ್ಕೆ ನಾಲ್ಕು ರೋಗಿಗಳನ್ನು ಹಾಗೆ ಸಾಯಿಸುತ್ತಿದ್ದ. ಅವನ ಅಂಗಡಿಯ ಔಷಧಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

‘ಯೂಸ್ಡ್ ಟು’ ಕಲಿಸಿದ ವಾರ ಇನ್ನೂ ಚೆನ್ನಾಗಿತ್ತು. ಹಿಂದೆ ರೂಢಿಯಲ್ಲಿದ್ದು ಈಗ ಇಲ್ಲದ್ದನ್ನು ಹೇಳಲು ಅದನ್ನು ಬಳಸಬೇಕು ಎಂದರು. ಒಂದೇ ವಾರದಲ್ಲಿ ಇಡೀ ಕ್ಲಾಸಿಗೆ ಜಮೀನ್ದಾರ ತಾತಂದಿರು ಹುಟ್ಟಿಕೊಂಡರು. ಕಂಡಕ್ಟರನ ತಾತ ಕುದುರೆ ಸವಾರಿ ಮಾಡುತ್ತಿದ್ದ. ನನ್ನ ತಾತ ದಿನಾ ನೂರು ಜನಕ್ಕೆ ಊಟ ಹಾಕುತ್ತಿದ್ದ. ಮಾಗಡಿ ಕಡೆಯ ನಮ್ಮ ತಾತ ಇನ್ನೊಬ್ಬರ ಹೊಲದಲ್ಲಿ ದುಡಿದು, ಅವರ ಜಗಲಿಯಲ್ಲಿ ಉಂಡು ಬಂದವನು. ಅದನ್ನು ಹೇಳಲಿಕ್ಕೂ ಇದೇ ವ್ಯಾಕರಣ ಸಾಕಿತ್ತು, ನನಗೆ ಹೊಳೆಯಲಿಲ್ಲ.

ಮನೆಯಲ್ಲಿ ಹಿಂದಿನದನ್ನು ಹೇಳುವ ಕ್ರಮವೇ ಬೇರೆ. ಅಪ್ಪ ಕಾರ್ಖಾನೆಯ ಸಂಗತಿ ಹೇಳಲು ಕೂತರೆ ಎಲ್ಲವೂ ಈಗ, ಇಲ್ಲೇ, ಅನ್ನದ ತಟ್ಟೆಯ ಪಕ್ಕದಲ್ಲೇ ನಡೆಯುತ್ತಿತ್ತು. ಹೋಗ್ತೀನಿ, ನೋಡ್ತೀನಿ, ಇವನು ಬಂದು ನಿಂತಿದಾನೆ, ನಾನು ಏನಪ್ಪಾ ಅಂತೀನಿ. ಮಧ್ಯೆ ಹತ್ತು ವರ್ಷದ ಹಿಂದಿನದು ನುಗ್ಗಿ ಬರುತ್ತಿತ್ತು, ಅದೂ ಈಗಲೇ ನಡೆಯುತ್ತಿತ್ತು. ನಮಗೆ ಯಾರಿಗೂ ಗೊಂದಲವಾದದ್ದಿಲ್ಲ. ಕ್ಲಾಸಿಗೆ ಸೇರಿದ ಮೇಲೆ ಮಾತ್ರ ನಾನು ಅನ್ನ ಕಲಸುತ್ತಾ ಮನಸ್ಸಿನಲ್ಲೇ ಅಪ್ಪನ ಮಾತನ್ನು ಒಂದೊಂದೇ ಮನೆಗೆ ಅಟ್ಟತೊಡಗಿದೆ, ಕುರಿಗಳನ್ನು ದೊಡ್ಡಿಗೆ ಅಟ್ಟಿದ ಹಾಗೆ.

ಅಪ್ಪನ ಕೆಲಸ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಖಾಸಗಿ ಕಾರ್ಖಾನೆಯಲ್ಲಿ. ಹದಿನಾರು ವರ್ಷ, ಕಬ್ಬಿಣ ಕಡೆಯುವ ಒಂದೇ ಲೇತ್. ಅದನ್ನು ಆತ ನನ್ನ ಮಿಷಿನ್ನು ಎನ್ನುತ್ತಿದ್ದ. ಮೈ ಹುಷಾರಿಲ್ಲದೆ ರಜಾ ಹಾಕಿದ ದಿನ ಹಾಸಿಗೆಯಲ್ಲಿ ಮಲಗಿ, ಇವತ್ತು ಅದರ ಮೇಲೆ ಯಾರನ್ನು ನಿಲ್ಲಿಸಿರ್ತಾರೋ ಎಂದು ಚಿಂತೆ ಮಾಡುತ್ತಿದ್ದ. ತನ್ನ ಜ್ವರಕ್ಕಿಂತ ಆ ಬೇರೆಯವನ ಕೈ ಅವನಿಗೆ ದೊಡ್ಡ ಕಾಯಿಲೆ.

ಒಂದು ಶನಿವಾರ ಅಪ್ಪ ಊಟದ ಡಬ್ಬಿಯ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟ. ಮೆಮೋ. ಟೈಪ್ ಮಾಡಿದ್ದು, ಇಂಗ್ಲಿಷಿನಲ್ಲಿ. ಲೇತನ್ನು ಚಾಲನೆಯಲ್ಲಿಯೇ ಬಿಟ್ಟು ಹೋಗಿದ್ದರಿಂದ ಅದರ ಚಕ್, ಅಂದರೆ ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗುವ ಭಾಗ, ಒಡೆದುಹೋಗಿದೆ. ನಿಮ್ಮನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂಬುದಕ್ಕೆ ಮಂಗಳವಾರದೊಳಗೆ ಬರವಣಿಗೆಯಲ್ಲಿ ಸಮಜಾಯಿಷಿ ಕೊಡಿ ಎಂದಿತ್ತು. ಅಮ್ಮ ಸೌಟು ಹಿಡಿದುಕೊಂಡೇ ಬಂದು, ಓದಿದ್ದನ್ನು ಇನ್ನೊಂದು ಸಲ ಓದು ಎಂದಳು. ಓದಿದೆ. ಎರಡನೆಯ ಸಲಕ್ಕೂ ಅದು ಅದನ್ನೇ ಹೇಳಿತು.

ನಡೆದದ್ದು ಹೀಗೆ. ಅಥವಾ ಆ ಶನಿವಾರ ಅಪ್ಪ ಹೇಳಿದ್ದು ಹೀಗೆ; ಈ ಎರಡರ ನಡುವೆ ಗೆರೆ ಎಳೆಯುವುದು ಈಗ ನನ್ನಿಂದ ಆಗುವುದಿಲ್ಲ. ಬೊಂಬಾಯಿಯಿಂದ ಗಿರಾಕಿಗಳು ಕಾರ್ಖಾನೆ ನೋಡಲು ಬಂದಿದ್ದರು. ಸ್ಟೋರ್ಸಿಗೆ ಹೋಗಿ ಹೊಸ ಟೂಲು ತಗೊಂಡು ಬಾ ಎಂದು ಫೋರ್‌ಮನ್ ಅಪ್ಪನನ್ನು ಕಳಿಸಿದ. ಅಪ್ಪ ಲೇತ್ ಆಫ್ ಮಾಡಿ ಹೋದ. ಟೂಲು ತಂದು ನೋಡಿದರೆ ಚಕ್ ಒಡೆದಿದೆ, ಗಿರಾಕಿಗಳು ಆಚೆ ಸಾಲಿಗೆ ಹೋಗಿದ್ದಾರೆ, ಫೋರ್‌ಮನ್ ಅಪ್ಪನ ಲೇತಿನ ಪಕ್ಕ ನಿಂತು ಕಾಟನ್ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಾನೆ. ಗಿರಾಕಿಗಳಿಗೆ ತೋರಿಸಲು ಅವನೇ ಓಡಿಸಿರಬೇಕು.

“ನಾನು ಆಫ್ ಮಾಡೇ ಹೋಗಿದ್ದೆ ಕಣೋ,” ಎಂದ ಅಪ್ಪ. “ಅದೊಂದು ಬರಿ ಸಾಕು. ಮಿಕ್ಕಿದ್ದು ಅವರೇ ಅರ್ಥ ಮಾಡ್ಕೋತಾರೆ.”

ಇಲ್ಲಿ ನಮ್ಮ ಮನೆಯ ಒಂದು ಘನತೆಯನ್ನು ದಾಖಲಿಸಬೇಕು. ಊರಲ್ಲೆಲ್ಲ ಕನ್ನಡಕ್ಕಾಗಿ ಮೆರವಣಿಗೆಗಳು ನಡೆದು ಮುಗಿದಿದ್ದ ವರ್ಷಗಳು ಅವು. ಅಪ್ಪನೂ ಹೆಗಲಿಗೆ ಕೆಂಪು ಹಳದಿ ವಸ್ತ್ರ ಹಾಕಿಕೊಂಡು ಹೋಗಿ ಗಂಟಲು ಕಟ್ಟಿಸಿಕೊಂಡು ಬಂದಿದ್ದ. ಮೂರು ದಿನ ಬಿಸಿನೀರು ಕುಡಿದ. ಅದೇ ಮನುಷ್ಯನಿಗೆ ತನ್ನ ಸಮಜಾಯಿಷಿಯನ್ನು ಕನ್ನಡದಲ್ಲಿ ಬರೆದುಕೊಡಬಹುದು ಎಂದು ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ, ಅಮ್ಮನಿಗೂ ಇಲ್ಲ. ಬೀದಿಯಲ್ಲಿ ಕೂಗುವುದು ಕನ್ನಡದಲ್ಲಿ. ಕೆಲಸ ಹೋಗುತ್ತದೆ ಎಂದಾಗ ಬರೆಯುವುದು ಇಂಗ್ಲಿಷಿನಲ್ಲಿ.

ಭಾನುವಾರ ಬೆಳಿಗ್ಗೆ ಬರೆಯಲು ಕೂತೆ. ಆ ಬೆಳಗಿನ ನನ್ನ ಮನಸ್ಸಿನ ಸ್ಥಿತಿಯನ್ನು ಸುಳ್ಳಿಲ್ಲದೆ ಬರೆದರೆ ಅದು ಸಂತೋಷ. ಕೊನೆಗೂ ನಮ್ಮ ಮನೆಯಲ್ಲಿ ಏನೋ ಆಗಿತ್ತು. ಎರಡು ಘಟನೆಗಳಿದ್ದವು, ಒಂದು ಇನ್ನೊಂದಕ್ಕಿಂತ ಮುಂಚೆ ಮುಗಿದಿತ್ತು. ನಾನು ಅಪ್ಪನನ್ನು ವಿಚಾರಿಸಲು ಶುರು ಮಾಡಿದೆ. ಆಫ್ ಮಾಡಿದ್ದು ಮೊದಲೋ, ಫೋರ್‌ಮನ್ ಕರೆದದ್ದು ಮೊದಲೋ? ಅವನು ಕರೆಯುವಾಗ ನೀನು ಏನು ಮಾಡ್ತಾ ಇದ್ದೆ? ಎಷ್ಟು ಹೊತ್ತಿನಿಂದ ಮಾಡ್ತಾ ಇದ್ದೆ? ನಾಲ್ಕನೆಯ ಮನೆ ತುಂಬಲು ನನಗೆ ‘ಎಷ್ಟು ಹೊತ್ತಿನಿಂದ’ ಬೇಕೇ ಬೇಕಿತ್ತು. ಅಪ್ಪ ತಬ್ಬಿಬ್ಬಾಗಿ, ಬೆಳಿಗ್ಗೆಯಿಂದ ಅಂತ ಹಾಕ್ಕೋ ಎಂದ. ಸಾಲದು ಎಂದೆ. ಹಾಗಾದ್ರೆ ಎರಡು ಗಂಟೆಯಿಂದ ಎಂದ. ನನಗೆ ಎರಡೂವರೆ ಚೆನ್ನಾಗಿ ಕೇಳಿಸಿತು. ಹೀಗೆ ಅಪ್ಪನ ಆ ದಿನದ ಮಧ್ಯಾಹ್ನವನ್ನು ನಾನು ಅಚ್ಚುಕಟ್ಟಾಗಿ ಕತ್ತರಿಸಿ ಜೋಡಿಸಿದೆ. ನಾಲ್ಕೂ ಭೂತಕಾಲಗಳು ಒಂದೇ ಪ್ಯಾರಾದಲ್ಲಿ ಕೂತವು. ಇಡೀ ಪಿಯುಸಿಯಲ್ಲಿ ಅಂಥ ಪ್ಯಾರಾ ನಾನು ಬರೆದಿರಲಿಲ್ಲ.

ಓದಿ ಹೇಳಿದೆ. ಅಪ್ಪನಿಗೆ ಅರ್ಥವಾದದ್ದು ‘ಆಫ್’ ಒಂದೇ ಪದ.

“ಆಫ್ ಮಾಡಿದ್ದು ಎಲ್ಲಿದೆ ತೋರ್ಸು.”

ತೋರಿಸಿದೆ. ಮೇಲಿನಿಂದ ನಾಲ್ಕನೆಯ ಸಾಲು, ನಡುವಿಗೆ. ಅಪ್ಪ ಅಲ್ಲಿ ಬೆರಳಿಟ್ಟು, ತೆಗೆದು, ಮತ್ತೆ ಅಲ್ಲಿಗೇ ಇಟ್ಟು ಅಭ್ಯಾಸ ಮಾಡಿಕೊಂಡ. ನಮ್ಮ ಬೀದಿಯಲ್ಲಿ ಹೊಸದಾಗಿ ಬಂದವರು ಮನೆಯ ಗುರುತು ಇಟ್ಟುಕೊಳ್ಳುವ ರೀತಿಯಲ್ಲಿ.

ಎದುರು ಪೋರ್ಷನ್ನಿನಲ್ಲಿ ಸರ್ಕಾರಿ ಕಚೇರಿಯಿಂದ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರೊಬ್ಬರಿದ್ದರು. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ಕಾಗದವೆಂದರೆ ಯಜಮಾನರಿಗೆ ತೋರಿಸದೆ ನಮ್ಮ ವಠಾರದಿಂದ ಹೊರಬೀಳುವಂತಿರಲಿಲ್ಲ. ಬಾಡಿಗೆ ಕರಾರು, ರಜಾ ಚೀಟಿ, ಮದುವೆ ಕರೆಯೋಲೆ, ಎಲ್ಲಕ್ಕೂ ಅವರ ಕನ್ನಡಕದ ಕೆಳಗಿನಿಂದಲೇ ದಾರಿ. ಅವರು ನನ್ನ ಪ್ಯಾರಾ ಓದಿದರು. ಒಂದು ಕಡೆ ಕಾಮಾ ಹಾಕಿದರು. ಹಾಳೆ ತಿರುಗಿಸಿ ಹಿಂದೆ ನೋಡಿದರು.

“ಬಾಲ ಎಲ್ಲಯ್ಯ?”

ನನಗೆ ತಿಳಿಯಲಿಲ್ಲ.

“ಬರೀ ನಡೆದಿದ್ದು ಬರ್ದಿದೀಯ. ದೊಡ್ಡೋರಿಗೆ ಬರೆಯೋ ಕಾಗದ, ಕೊನೇಲಿ ಕ್ಷಮೆ ಕೇಳಬೇಡ್ವಾ? ಇಲ್ದಿದ್ರೆ ಎದುರುತ್ತರ ಕೊಟ್ಟಂಗಾಗುತ್ತೆ. ನಾನು ಮೂವತ್ತೊಂದು ವರ್ಷ ಸರ್ವೀಸು ಮಾಡಿದೀನಿ. ಬಾಲ ಇಲ್ದಿರೋ ಎಕ್ಸ್‌ಪ್ಲನೇಷನ್ ಪಾಸಾಗಿದ್ದು ಒಂದೂ ನೋಡಿಲ್ಲ.”

ಅವರು ಹೇಳಿದರು, ನಾನು ಬರೆದುಕೊಂಡೆ. ಮೂರು ವಾಕ್ಯ. ಆದದ್ದಕ್ಕಾಗಿ ವಿಷಾದಿಸುತ್ತೇನೆ. ಈ ಒಂದು ಸಲ ದಯವಿಟ್ಟು ಕ್ಷಮಿಸಬೇಕು. ಮುಂದೆಂದೂ ಇದನ್ನು ಪುನರಾವರ್ತಿಸುವುದಿಲ್ಲ ಎಂದು ಭರವಸೆ ಕೊಡುತ್ತೇನೆ. ಇಂಗ್ಲಿಷಿನಲ್ಲಿ ಅದು ನನಗೆ ಹೊಸದೇನಲ್ಲ. ಸ್ಕೂಲಿಗೆ ಜ್ವರದ ಚೀಟಿ ಬರೆದಾಗಲೂ ಮುಂದೆ ಜ್ವರ ಬರುವುದಿಲ್ಲವೆಂದು ಭರವಸೆ ಕೊಟ್ಟವನು ನಾನು. ಅಜ್ಜಿ ತೀರಿಕೊಂಡಾಗ ಬರೆದ ರಜಾ ಚೀಟಿಯಲ್ಲೂ ಅದೇ ಬಾಲ ಇತ್ತು; ಮತ್ತೊಮ್ಮೆ ಅಜ್ಜಿ ಸಾಯುವುದಿಲ್ಲ. ನಮ್ಮ ಕಡೆ ಕಾಗದದ ಕೊನೆಗೆ ತಪ್ಪೊಪ್ಪಿಕೊಳ್ಳುವುದು ಊಟದ ಕೊನೆಗೆ ಮಜ್ಜಿಗೆ ಅನ್ನ ಇದ್ದಂತೆ. ಹಸಿವಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ.

ಆಫ್ ಮಾಡಿ ಹೋಗಿದ್ದೆ ಎಂದು ಮೇಲೆ ಬರೆದು, ಮುಂದೆ ಹಾಗೆ ಮಾಡುವುದಿಲ್ಲ ಎಂದು ಕೆಳಗೆ ಬರೆಯುತ್ತಿದ್ದೇನೆ ಎಂದು ನನಗೆ ಆಗ ಗೊತ್ತಾಯಿತೇ? ಈ ಜಾಗದಲ್ಲಿ ನನ್ನ ನೆನಪು ಎರಡು ಹೇಳುತ್ತದೆ. ಒಂದರಲ್ಲಿ ನನಗೆ ಏನೂ ಹೊಳೆಯುವುದಿಲ್ಲ. ಇನ್ನೊಂದರಲ್ಲಿ ಪೆನ್ನು ಒಂದು ಕ್ಷಣ ನಿಲ್ಲುತ್ತದೆ, ನಾನು ಯಜಮಾನರ ಮುಖ ನೋಡುತ್ತೇನೆ, ಅವರ ಎದುರು ಪೆದ್ದನಾಗುವುದು ಬೇಡವೆಂದು ಮುಂದುವರಿಸುತ್ತೇನೆ. ಮೊದಲನೆಯದು ನನಗೆ ಅನುಕೂಲ. ಹಾಗಾಗಿ ಎರಡನೆಯದೇ ನಡೆದಿರಬೇಕು.

ಸೋಮವಾರ ಸಂಜೆ ಕ್ಲಾಸಿಗೆ ಒಯ್ದೆ. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆಸಿದರು. ಅಪ್ಪನ ಕೆಲಸದ ಪ್ರಶ್ನೆ ಅರ್ಧ ಗಂಟೆ ಕಾಲ ವ್ಯಾಕರಣದ ಅಭ್ಯಾಸವಾಯಿತು. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂದು ಅಕ್ಕಪಕ್ಕದವರು ಕೈಯೆತ್ತಿ ಹೇಳಿದರು. ಲೇತ್ ಎಂದರೇನು ಎಂದು ಒಬ್ಬರೂ ಕೇಳಲಿಲ್ಲ. ಬಾಲದ ಮೂರು ಸಾಲಿಗೆ ಬಂದಾಗ ಮೇಷ್ಟ್ರು, ಇದು ಭವಿಷ್ಯತ್ಕಾಲ, ಸರಿಯಾಗಿದೆ ಎಂದು ಒರೆಸಿಬಿಟ್ಟರು. ಕಂಡಕ್ಟರ್ ಮೆಟ್ಟಿಲಿಳಿಯುವಾಗ ನನ್ನ ಹೆಗಲ ಮೇಲೆ ಕೈ ಹಾಕಿ, “ಸಖತ್ತಾಗಿದೆ ಗುರು. ನಂಗೆ ಮೆಮೋ ಬಂದ್ರೆ ನೀನೇ ಬರ್ಕೊಡ್ಬೇಕು,” ಎಂದ.

ಮಂಗಳವಾರ ಅಪ್ಪ ಫುಲ್‌ಸ್ಕೇಪ್ ಹಾಳೆಯ ಕೆಳಗೆ ಸಹಿ ಹಾಕಿದ. ಕನ್ನಡದಲ್ಲಿ. ಮೆರವಣಿಗೆಗೆ ಹೋದದ್ದು ದಂಡವಾಗಲಿಲ್ಲ.

ಎರಡು ವಾರದ ಮೇಲೆ ವಿಚಾರಣೆ. ಅದರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಪ್ಪ ಆ ಸಂಜೆ ಹೇಳಿದ್ದು, ಎಂದಿನಂತೆ ಎಲ್ಲವೂ ಈಗಲೇ ನಡೆಯುತ್ತಿರುವ ಹಾಗೆ. ಒಳಗೆ ಕರೀತಾರೆ. ಕುರ್ಚಿ ಕೊಡ್ತಾರೆ. ಪರ್ಸನೆಲ್ ಆಫೀಸರು ಟೀ ಕುಡೀತಾ ಇದಾರೆ. ಫೋರ್‌ಮನ್ನೂ ಇದಾನೆ, ಗೋಡೆ ನೋಡ್ತಾ ಇದಾನೆ. ಆಫೀಸರು ಕಾಗದ ತೆಗೆದು ನೇರ ಕೊನೆಯ ಮೂರು ಸಾಲಿಗೆ ಹೋದರಂತೆ. ಅವರ ಕಣ್ಣು ಕಾಗದದ ಮೇಲಿನ ಭಾಗಕ್ಕೆ ಬರಲೇ ಇಲ್ಲ ಎಂದು ಅಪ್ಪ ಹೇಳಿದ. ಬಾಲ ಹಿಡಿದು ದನದ ಜಾತಿ ಹೇಳುವ ವ್ಯಾಪಾರಿಯಂತೆ ಇದ್ದಿರಬೇಕು. ಈ ಸಹಿ ನಿಮ್ಮದು ತಾನೇ ಎಂದರು. ಹೌದು ಸಾರ್ ಎಂದ ಅಪ್ಪ.

“ತಪ್ಪಾಯ್ತು ಅಂತ ಬರ್ದಿದೀರಲ್ಲ. ಸರಿ ಹಾಗಾದ್ರೆ.”

ಆಗ ಅಪ್ಪ ಎದ್ದು ಹೋಗಿ, ಮೇಲಿನಿಂದ ನಾಲ್ಕನೆಯ ಸಾಲಿನ ನಡುವೆ ಬೆರಳಿಟ್ಟ. ಇಲ್ಲಿದೆ ಸಾರ್, ಆಫ್ ಮಾಡಿದ್ದೆ ಅಂತ. ಆಫೀಸರು ಬೆರಳನ್ನು ನೋಡಿದರು, ಸಾಲನ್ನು ನೋಡಿದರು.

“ಆಫ್ ಮಾಡಿದ್ರೆ ಕ್ಷಮೆ ಯಾಕ್ರೀ ಕೇಳ್ತೀರ?”

“ಅದು ಹಂಗೇ ಬರೆಯೋದಲ್ವಾ ಸಾರ್.”

ಆ ಆಫೀಸರು ತಮ್ಮ ಮೇಲಿನವರಿಗೆ ಬರೆಯುವ ಕಾಗದಗಳಿಗೂ ಅದೇ ಬಾಲ ಇದ್ದಿರುತ್ತದೆ, ಪಂದ್ಯ ಕಟ್ಟುತ್ತೇನೆ. ಆದರೆ ಕೆಳಗಿನಿಂದ ಬಂದ ಬಾಲಕ್ಕೆ ಅರ್ಥವಿರುತ್ತದೆ. ಅವರು ಟೀ ಮುಗಿಸಿ, ನಿಮ್ಮ ಮಾತು ನಿಮಗೆ ಇಂಗ್ಲಿಷಿನಲ್ಲಿ ಬರೆಯಕ್ಕೆ ಬರಲ್ಲ ಅಂದ್ರೆ ಕನ್ನಡದಲ್ಲೇ ಬರ್ಕೊಡಬಹುದಿತ್ತಲ್ರೀ, ಯಾರು ಬೇಡ ಅಂದಿದ್ರು ಎಂದು ಒಳ್ಳೆಯ ಕನ್ನಡದಲ್ಲಿ ಕೇಳಿದರಂತೆ. ಆಗ ಫೋರ್‌ಮನ್ ಗೋಡೆಯಿಂದ ಕಣ್ಣು ಕಿತ್ತು ಮೊದಲ ಸಲ ಬಾಯಿ ಬಿಟ್ಟ: ಒಳ್ಳೆ ಮನುಷ್ಯ ಸಾರ್, ಹಳಬ, ಒಪ್ಕೊಂಡಿದಾನೆ, ಬಿಟ್ಬಿಡಿ. ಅಪ್ಪನ ಪರವಾಗಿ ಆ ಕೋಣೆಯಲ್ಲಿ ಮಾತಾಡಿದವನು ಅವನೊಬ್ಬನೇ.

ಆದೇಶ ಬಂತು. ಅದೂ ಇಂಗ್ಲಿಷಿನಲ್ಲಿ, ನಾನೇ ಓದಿ ಹೇಳಿದೆ. ತಪ್ಪನ್ನು ಒಪ್ಪಿಕೊಂಡಿದ್ದನ್ನೂ ಹಳೆಯ ಸೇವೆಯನ್ನೂ ಗಮನಿಸಿ ಆಡಳಿತವರ್ಗ ಉದಾರವಾಗಿ ನಡೆದುಕೊಂಡಿತ್ತು. ಕೆಲಸ ಉಳಿಯಿತು. ಎಚ್ಚರಿಕೆ ಕೊಟ್ಟರು. ಲೇತ್‌ನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು.

ಅಮ್ಮ ಕೇಸರಿಬಾತ್ ಮಾಡಿದಳು. ಯಜಮಾನರು ಬಂದು ತಿಂದು, ಬಾಲದ ಮಹಿಮೆಯನ್ನು ವಿವರಿಸಿ ಹೋದರು. ನಾನು ನನ್ನ ನಾಲ್ಕು ಭೂತಕಾಲಗಳು ಗೆದ್ದವೆಂದು ನಂಬಿದೆ. ಅಪ್ಪ ಕೂಡ ತಟ್ಟೆ ಖಾಲಿ ಮಾಡಿದ. ಮರುದಿನದಿಂದ ಅವನ ಕೈಗೆ ಆಯಿಲ್ ವಾಸನೆ ಇರಲಿಲ್ಲ, ರಟ್ಟಿನ ಡಬ್ಬಿಯ ಗೋಂದಿನ ವಾಸನೆ ಇತ್ತು. ಲೇತ್ ಮೇಲೆ ಬೇರೊಬ್ಬನನ್ನು ನಿಲ್ಲಿಸಿದ್ದರು.

ಈಗ ನಗುವ ಭಾಗ. ಕಾಗದದ ಸುದ್ದಿ ಎಸ್ಟೇಟಿನಲ್ಲಿ ಹರಡಿತು. ಚಕ್ ಒಡೆದವನ ಕೆಲಸವೇ ಉಳೀತಂತೆ, ಅಂಥಾ ಲೆಟರ್ ಅಂತೆ. ಭಾನುವಾರ ಬೆಳಿಗ್ಗೆ ಜನ ಬರತೊಡಗಿದರು. ಕೆಂಗೇರಿಯಿಂದ ಒಬ್ಬ ಎರಡು ಬಸ್ ಬದಲಾಯಿಸಿ ಬಂದ. ಮಹಾಲಕ್ಷ್ಮಿ ಲೇಔಟಿನಿಂದ ಒಬ್ಬ ಸ್ಕೂಟರಿನಲ್ಲಿ ಹೆಂಡತಿಯನ್ನೂ ಕರೆತಂದ. ತಡವಾಗಿ ಬಂದವರು, ಸೂಪರ್‌ವೈಸರಿಗೆ ಎದುರು ಮಾತಾಡಿದವರು, ಕ್ಯಾಂಟೀನಿನಲ್ಲಿ ಜಗಳವಾಡಿದವರು. ನಾನು ಎಲ್ಲರಿಗೂ ಅದೇ ಪ್ಯಾರಾ ಬರೆದೆ, ಅದೇ ಬಾಲ ಅಂಟಿಸಿ ಗಟ್ಟಿಯಾಗಿ ಓದಿ ಹೇಳಿದೆ. ಹೆಚ್ಚಿನವರ ಕೆಲಸ ಉಳಿಯಿತು. ಏನಾಯಿತು ಎಂದು ಕೇಳುವ ಮೊದಲೇ ನನ್ನ ಪೆನ್ನು ಅರ್ಧ ಹಾಳೆ ದಾಟಿರುತ್ತಿತ್ತು. ಮೂರನೆಯ ಸಲಕ್ಕೆ ಪಿಯುಸಿ ಇಂಗ್ಲಿಷಿನಲ್ಲಿ ಪಾಸೂ ಆದೆ. ಪತ್ರಲೇಖನದ ಪ್ರಶ್ನೆಗೆ ಏನು ಬರೆದೆನೆಂದು ಹೇಳಬೇಕಾಗಿಲ್ಲ.

ಬಂದವರೆಲ್ಲ ಬಾಗಿಲಲ್ಲಿ ಕೂತ ಅಪ್ಪನನ್ನು ವಿಚಾರಿಸುತ್ತಿದ್ದರು. ಏನಣ್ಣಾ ಆಗಿದ್ದು? ಮೊದಲ ತಿಂಗಳುಗಳಲ್ಲಿ ಅಪ್ಪ ಆಫ್ ಮಾಡೇ ಹೋಗಿದ್ದೆ ಕಣಪ್ಪ ಎನ್ನುತ್ತಿದ್ದ. ಆಮೇಲೆ ಕ್ಷಮಿಸಿದ ಕಥೆಯನ್ನೂ ಹೇಳಬೇಕಾಗುತ್ತಿತ್ತು, ಎರಡೂ ಒಂದೇ ಉಸಿರಿಗೆ ಹೊಂದುತ್ತಿರಲಿಲ್ಲ. ಕೇಳುವವರ ಹುಬ್ಬು ಗಂಟಾಗುತ್ತಿತ್ತು. ಸ್ವಲ್ಪ ದಿನದ ಮೇಲೆ, ಆಫ್ ಮಾಡಿದ್ದೆ ಅನ್ಸುತ್ತೆ ಎಂದ. ಇನ್ನೂ ಸ್ವಲ್ಪ ದಿನದ ಮೇಲೆ ಅದನ್ನು ಬಿಟ್ಟೇಬಿಟ್ಟು, ಫೋರ್‌ಮನ್ ಒಳ್ಳೇ ಮಾತು ಹೇಳಿದ್ದರಿಂದ ಕಥೆ ಶುರು ಮಾಡತೊಡಗಿದ. ಎಲ್ಲಕ್ಕಿಂತ ವಿಚಿತ್ರ, ಅಪ್ಪ ಈಗ ‘ಹೋಗ್ತೀನಿ, ನೋಡ್ತೀನಿ’ ಎನ್ನುತ್ತಿರಲಿಲ್ಲ. ಹೋದೆ, ನೋಡಿದೆ, ಆಯ್ತು ಎನ್ನುತ್ತಿದ್ದ. ನನ್ನ ಮೇಷ್ಟ್ರು ಕೇಳಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು.

ವರ್ಷ ಕಳೆದಿತ್ತೋ ಒಂದೂವರೆಯೋ, ಒಂದು ಭಾನುವಾರ ಬಂದವನು ಅಪ್ಪನ ಲೇತ್ ಮೇಲೆ ನಿಲ್ಲುತ್ತಿದ್ದ ಆ ಬೇರೊಬ್ಬನೇ. ಮೂವತ್ತರ ಆಸುಪಾಸಿನವನು. ಅಪ್ಪ ಅವನ ಕೈಯನ್ನೇ ನೋಡುತ್ತಿದ್ದದ್ದು ನೆನಪಿದೆ. ಅದೇ ಫೋರ್‌ಮನ್ ಕೊಡಿಸಿದ ಮೆಮೋ. ಈ ಸಲ ಒಂದಿಡೀ ದಿನದ ಮಾಲು ಕೆಟ್ಟುಹೋಗಿತ್ತು. ಫೋರ್‌ಮನ್ ಹೇಳಿದ ಅಳತೆಗೇ ಕತ್ತರಿಸಿದ್ದೆ, ಅವನೇ ತಪ್ಪು ಅಳತೆ ಕೊಟ್ಟಿದ್ದ ಎಂದು ಅವನು ಹೇಳಿದ.

ಯಾಕೋ ಆ ದಿನ ನನ್ನ ಕೈ ಮುಂದೆ ಹೋಗಲಿಲ್ಲ. ಇದನ್ನು ಕನ್ನಡದಲ್ಲಿ ಬರೆಯೋಣ, ನೀನು ಈಗ ಹೇಳಿದ ಹಾಗೇ, ಬಾಲ ಬೇಡ ಎಂದೆ. ಒಳ್ಳೆಯತನದಿಂದ ಹೇಳಿದೆನೆಂದು ಬರೆದುಕೊಳ್ಳಲು ಆಸೆಯಾಗುತ್ತದೆ. ಅದೇ ಪ್ಯಾರಾ ಬರೆದು ಬರೆದು ಬೇಜಾರಾಗಿತ್ತು ಎಂಬುದೂ ಅಷ್ಟೇ ಇರಬಹುದು.

ಅವನ ಮುಖ ಇಳಿದುಹೋಯಿತು. “ಬೇಡ ಗುರು, ನಡೆದಿದ್ದೆಲ್ಲಾ ಬೇಡ. ನಿಮ್ಮಪ್ಪಂಗೆ ಬರ್ದಿದ್ದೇ ಬರಿ. ಎರಡು ಮಕ್ಳಿದಾವೆ ನಂಗೆ.”

“ನಿನ್ನ ತಪ್ಪಿಲ್ವಲ್ಲ.”

“ಅವರ ತಪ್ಪಿತ್ತಾ?” ಎಂದು ಅವನು ಅಪ್ಪನ ಕಡೆ ತಿರುಗಿದ. “ಅಣ್ಣಾ, ನೀವು ನಿಜ ಹೇಳಿ. ಮಿಷಿನ್ನು ಆನ್ ಇತ್ತಾ, ಆಫ್ ಮಾಡಿದ್ರಾ?”

ಅಡುಗೆಮನೆಯಲ್ಲಿ ಅಮ್ಮನ ಬಳೆಯ ಸದ್ದು ನಿಂತಿತು. “ಬಚ್ಚಲ ದೀಪ ಆರ್ಸಿದೀನಾ ಅಂತ ಮೂರು ಸಲ ಎದ್ದು ನೋಡೋ ಮನುಷ್ಯ ಅವರು,” ಎಂದಳು ಒಳಗಿನಿಂದಲೇ, ಯಾರಿಗೆ ಎಂದು ಹೇಳದೆ.

ಅಪ್ಪ ಅವನಿಗೆ ಉತ್ತರ ಕೊಡುವಾಗ ನೋಡುತ್ತಿದ್ದದ್ದು ನನ್ನನ್ನು.

“ಆನ್ ಇತ್ತು ಕಣಪ್ಪ. ನಾನೇ ಬಿಟ್ಟು ಹೋಗಿದ್ದೆ.” ಆಮೇಲೆ ನನಗೆ, “ಬರ್ದುಕೊಡೋ ಅವನಿಗೆ. ಕೆಲಸ ಉಳಿಯುತ್ತೆ,” ಎಂದ.

ನಾನು ಹಾಳೆ ತೆಗೆದೆ. ಮೇಲಿನ ಪ್ಯಾರಾವನ್ನು ಈ ಸಲ ನಾನೇ ತಪ್ಪು ತಪ್ಪಾಗಿ ಬರೆದೆ, ಕಾಲಗಳೆಲ್ಲ ಒಂದರ ಮೇಲೊಂದು ಬಿದ್ದವು. ಅದನ್ನು ಯಾರೂ ಓದುವುದಿಲ್ಲವೆಂದು ನನಗೆ ಗೊತ್ತಿತ್ತು. ಕೊನೆಗೆ ಬಂದಾಗ ಪೆನ್ನು ನಿಂತಿತು. ಆಗ ಬಾಗಿಲಲ್ಲಿ ಕೂತ ಅಪ್ಪ, ಇಂಗ್ಲಿಷಿನ ಒಂದಕ್ಷರ ಓದಲು ಬಾರದವನು, ಆ ಮೂರು ವಾಕ್ಯಗಳನ್ನು ಒಂದಾದ ಮೇಲೊಂದರಂತೆ ಬಾಯಿಪಾಠ ಹೇಳಿದ. ನಿಧಾನವಾಗಿ, ನಾನು ಬರೆದುಕೊಳ್ಳಲು ಅನುಕೂಲವಾಗುವಂತೆ. ಒಂದು ಪದವೂ ತಪ್ಪಲಿಲ್ಲ. ಲೇತ್‌ನವನು ಸಹಿ ಹಾಕಿ, ಹಾಳೆಯನ್ನು ಜೋಪಾನವಾಗಿ ಮಡಿಸಿ, ಅಪ್ಪನಿಗೆ ಕೈಮುಗಿದು ಹೋದ.